ಟ್ರ್ಯಾಕ್ಟರ್ ಹೊಟ್ಟೆಯೊಳಗಿನ ಕಟಕಟ ಸದ್ದು

ಮೊದಲು ಆ ಸದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಅಂದಮೇಲೆ ಸದ್ದು ಇದ್ದೇ ಇರುತ್ತದೆ. ಒಂದೇ ಸಿಲಿಂಡರಿನ ಎಂಜಿನ್, ಅದರ ಮೇಲೆ ತಗಡಿನ ಹುಡ್, ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಡೆಕ್. ಇಷ್ಟೂ ಒಟ್ಟಿಗೆ ನಡುಗುವಾಗ ಯಾವುದು ಹಾಡು, ಯಾವುದು ಅಳು ಅಂತ ಹೇಳೋದು ಕಷ್ಟ. ಆದರೆ ಈ ಸದ್ದು ಬೇರೆ ಥರ ಇತ್ತು. ಎಂಜಿನ್ ನಿಧಾನಕ್ಕೆ ಓಡುವಾಗ ನನ್ನ ಎರಡು ಪಾದಗಳ ನಡುವಿನಿಂದ ಕಟಕಟ ಕಟಕಟ ಅಂತ ಬರುತ್ತಿತ್ತು, ಡಬ್ಬಿಯೊಳಗೆ ನಟ್ಟು ಹಾಕಿ ಅಲ್ಲಾಡಿಸಿದ ಹಾಗೆ. ಥ್ರಾಟಲ್ ಏರಿಸಿದರೆ ಸುಮ್ಮನಾಗುತ್ತಿತ್ತು. ಹಾಗಾಗಿ ನಾನೂ ಥ್ರಾಟಲ್ ಏರಿಸಿಕೊಂಡು ಸುಮ್ಮನಿದ್ದೆ.

ಒಂದು ತಿಂಗಳು ಹೀಗೇ ಕಳೆಯಿತು. ಆಮೇಲೆ ಇಳಿಜಾರಿನಲ್ಲಿ ಇಳಿಯುವಾಗ ಪೂರ್ತಿ ಥ್ರಾಟಲ್ ಕೊಟ್ಟರೂ ಸದ್ದು ನಿಲ್ಲದಾಯಿತು. ಕಾಲಿಟ್ಟ ಹಲಗೆಯಲ್ಲಿ ಅದರುವಿಕೆ ಗೊತ್ತಾಗತೊಡಗಿತು. ಇನ್ನು ಕಿವಿ ಮುಚ್ಚಿಕೊಂಡು ಕೂರುವಂತಿರಲಿಲ್ಲ.

ಈ ಟ್ರ್ಯಾಕ್ಟರಿನ ಒಳಗಿನ ಜೋಡಣೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗೋದಿಲ್ಲ. ಎಂಜಿನ್ ಮುಂದೆ ಇದೆ, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಪಂಪ್ ಹಿಂದೆ, ಸೀಟಿನ ಕೆಳಗಿದೆ. ಎರಡರ ನಡುವೆ ಬೆಲ್ಟ್ ಇಲ್ಲ. ಸುಮಾರು ಅರ್ಧ ಮೀಟರ್ ಉದ್ದದ ಒಂದು ಉಕ್ಕಿನ ಶಾಫ್ಟ್ ಕಾಲುಗಳ ನಡುವಿನ ಟನಲ್‌ನೊಳಗೆ ಹಾದುಹೋಗುತ್ತದೆ. ಮುಂದಿನ ತುದಿಯಲ್ಲಿ ದಪ್ಪ ರಬ್ಬರ್ ಬಿಲ್ಲೆಯ ಕಪ್ಲಿಂಗ್, ಅಂದರೆ ಶಾಫ್ಟನ್ನು ಎಂಜಿನ್ನಿಗೆ ಸೇರಿಸುವ ಜೋಡಣೆ. ಅದರ ನಡುವೆ, ಎಂಜಿನ್ನಿನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕ್‌ನ ಕೊನೆಯಲ್ಲಿ, ಒಂದು ಸಣ್ಣ ಕಂಚಿನ ಬುಷ್, ಅಂದರೆ ಕೊಳವೆಯಂಥ ಉಂಗುರ. ಶಾಫ್ಟ್‌ನ ಮೂತಿ ಆ ಬುಷ್ಷಿನೊಳಗೆ ಕೂತು ನಡುವಿಗೆ ನಿಲ್ಲುತ್ತದೆ. ಹಿಂದಿನ ತುದಿಗೆ ಶಾಫ್ಟನ್ನು ಪಂಪಿಗೆ ಸೇರಿಸುವ ಉಕ್ಕಿನ ಹಬ್, ಅದಕ್ಕೆ ಅಡ್ಡಲಾಗಿ ಒಂದು ಸ್ಪ್ರಿಂಗ್ ಪಿನ್. ಕ್ಲಚ್ ಇಲ್ಲ. ಎಂಜಿನ್ ಓಡುತ್ತಿದ್ದರೆ ಶಾಫ್ಟೂ ತಿರುಗುತ್ತಲೇ ಇರುತ್ತದೆ, ಗಾಡಿ ನಿಂತಿದ್ದರೂ ಸರಿ.

ಸದ್ದು ಕೇಳಿದ ತಕ್ಷಣ ಮನಸ್ಸು ಅತಿ ದೊಡ್ಡ ಖರ್ಚಿನ ಕಡೆಗೇ ಓಡುತ್ತದೆ, ಅಲ್ವಾ? ನನಗೂ ಮೊದಲು ಬಂದ ಹೆದರಿಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಹೋಯಿತು ಅನ್ನೋದು. ಎರಡನೆಯದು ಪಂಪ್. ಆದರೆ ರಾಡಿನ ಬೇರಿಂಗ್ ಸವೆದಿದ್ದರೆ ಎಂಜಿನ್ ಮೇಲೆ ಭಾರ ಬಿದ್ದಾಗ ಬಡಿತ ಜಾಸ್ತಿಯಾಗಬೇಕು. ಇಲ್ಲಿ ಭಾರ ಬಿದ್ದರೆ ಸದ್ದೇ ಕಡಿಮೆಯಾಗುತ್ತಿತ್ತು. ಸ್ವಲ್ಪ ಧೈರ್ಯ ಬಂತು.

ಮೊದಲು ಡೆಕ್ ಬಿಚ್ಚಿ ಬದಿಗಿಟ್ಟೆ. ಸದ್ದು ಹಾಗೇ ಇತ್ತು. ಆಮೇಲೆ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು, ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಒಂದೊಂದೇ ಕಡೆ ಮುಟ್ಟಿಸಿದೆ. ಇದು ಬಡವರ ಸ್ಟೆತೊಸ್ಕೋಪ್. ಎಂಜಿನ್ ಬ್ಲಾಕಿನಲ್ಲಿ ಬರೀ ಸಾಮಾನ್ಯ ಗುಡುಗುಡು. ಪಂಪಿನ ಮೈಮೇಲೆ ಇಟ್ಟಾಗ ಕಟಕಟ ಜೋರಾಗಿ ಕೇಳಿಸಿತು, ಆದರೆ ಮುಂದಿನ ಮುಖದಲ್ಲಿ ಮಾತ್ರ. ಹಿಂಭಾಗಕ್ಕೆ ಹೋದಂತೆ ಕ್ಷೀಣವಾಗುತ್ತಿತ್ತು. ಒಂದು ಮಾತು: ಈ ಆಟ ಅಲುಗಾಡದ ಭಾಗಗಳ ಮೇಲೆ ಮಾತ್ರ. ತಿರುಗುವ ಶಾಫ್ಟಿನ ಹತ್ತಿರ ಸ್ಕ್ರೂಡ್ರೈವರ್, ಬೆರಳು, ತೋಳಿನ ಬಟ್ಟೆ ಯಾವುದೂ ಹೋಗಬಾರದು. ಕಿವಿಗೆ ಒತ್ತಿಕೊಂಡಿರುವ ಸ್ಕ್ರೂಡ್ರೈವರನ್ನು ಶಾಫ್ಟ್ ಹಿಡಿದು ತಿರುವಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಎಂಜಿನ್ ಆರಿಸಿದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡೆ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, ಚಕ್ರಗಳಿಗೆ ಮರದ ತುಂಡು ಕೊಟ್ಟೆ. ಆಮೇಲೆ ಟನಲ್ ಕವರ್ ತೆಗೆದೆ. ಹಿಂದಿನ ಹಬ್ಬಿನ ಸುತ್ತ ಕುಂಕುಮ ಚೆಲ್ಲಿದ ಹಾಗೆ ಕೆಂಪು ಪುಡಿ!

ಈ ಪುಡಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಬಿಗಿಯಾಗಿರಬೇಕಾದ ಎರಡು ಉಕ್ಕಿನ ಭಾಗಗಳು ಕೂದಲೆಳೆಯಷ್ಟು ಜಾಗದಲ್ಲಿ ಹಿಂದೆ ಮುಂದೆ ಉಜ್ಜಾಡಿದರೆ ಸವೆದ ಕಣಗಳು ಅಲ್ಲೇ ತುಕ್ಕಾಗುತ್ತವೆ. ಮಳೆ ನೀರಿನ ತುಕ್ಕು ಪದರ ಪದರವಾಗಿ ಏಳುತ್ತದೆ, ಇದು ನುಣುಪಾದ ಪುಡಿ. ಲೋಹ, ಗಾಜು ಹೊಳೆಯಿಸಲು ಬಳಸುವ ಕೆಂಪು ಪಾಲಿಶ್ ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಅಂದರೆ ಒಮ್ಮೆ ಶುರುವಾದ ಸವೆತ ತನಗೆ ಬೇಕಾದ ಅರೆಯುವ ಪುಡಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಪುಡಿ ಒರೆಸಿ, ಸೀಮೆಸುಣ್ಣದಿಂದ ಹಬ್ ಮತ್ತು ಶಾಫ್ಟ್ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆದೆ. ಒಂದು ಕೈಯಲ್ಲಿ ಹಬ್ ಹಿಡಿದು ಇನ್ನೊಂದು ಕೈಯಲ್ಲಿ ಶಾಫ್ಟ್ ತಿರುಗಿಸಿದೆ. ಗೆರೆ ಎರಡು ತುಂಡಾಯಿತು. 40 ಮಿಲಿಮೀಟರ್ ವ್ಯಾಸದ ಹಬ್ಬಿನ ಹೊರ ಅಂಚಿನಲ್ಲಿ ಅಳೆದರೆ 5 ಮಿಲಿಮೀಟರ್ ಸಡಿಲ. ಸುಮಾರು 14 ಡಿಗ್ರಿ. ಇರಬೇಕಾದದ್ದು ಸೊನ್ನೆ.

ಸದ್ದಿನ ಒಗಟು ಬಿಡಿಸಿಕೊಂಡಿದ್ದು ಆಗಲೇ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಮಾತ್ರ ಸಿಡಿಯುತ್ತದೆ. ಐಡಲ್‌ನಲ್ಲಿ (ಎಂಜಿನ್ ಅತಿ ನಿಧಾನಕ್ಕೆ ಓಡುವಾಗ) ನಿಮಿಷಕ್ಕೆ 1,200 ಸುತ್ತು ಅಂದರೆ ಸೆಕೆಂಡಿಗೆ 10 ಸಿಡಿತ. ಪ್ರತಿ ಸಿಡಿತಕ್ಕೂ ಕ್ರ್ಯಾಂಕ್ ಮುನ್ನುಗ್ಗುತ್ತದೆ, ನಡುವೆ ನಿಧಾನವಾಗುತ್ತದೆ. ಆದರೆ ಹಿಂದಿನ ಪಂಪ್ ಮತ್ತು ಅದರ ಫ್ಯಾನ್ ತಮ್ಮ ವೇಗದಲ್ಲೇ ಸಾಗುತ್ತಿರುತ್ತವೆ. ಹಾಗಾಗಿ ಸಡಿಲವಾದ ಪಿನ್ ತೂತಿನ ಈ ಗೋಡೆಗೊಮ್ಮೆ, ಆ ಗೋಡೆಗೊಮ್ಮೆ ಬಡಿಯುತ್ತದೆ. ಭಾರ ಬಿದ್ದಾಗ ಪಿನ್ ಒಂದೇ ಗೋಡೆಗೆ ಒತ್ತಿಕೊಂಡು ಕೂರುತ್ತದೆ, ಸದ್ದಿಲ್ಲ. ಇಳಿಜಾರಿನಲ್ಲಿ ಚಕ್ರಗಳೇ ಪಂಪನ್ನು ತಳ್ಳತೊಡಗಿದಾಗ ಮತ್ತೆ ಕಟಕಟ.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಮಾಡಿದ್ದು ಸೋಮಾರಿ ಕೆಲಸ. ಶಾಫ್ಟ್ ಹೊರಗೆ ತೆಗೆಯಬೇಕಾದರೆ ಎಂಜಿನ್ ಸರಿಸಬೇಕು. ಅದು ಬೇಡ ಅನಿಸಿತು. ಹಳೆಯ ಪಿನ್ ತಟ್ಟಿ ತೆಗೆದು, ಆ ತೂತಿಗೆ ಒಂದು 6 ಮಿಲಿಮೀಟರ್ ಬೋಲ್ಟ್ ತೂರಿಸಿ, ನೈಲಾನ್ ಬಳೆಯ ನಟ್ ಹಾಕಿ ಬಿಗಿದೆ. ಸ್ಟಾರ್ಟ್ ಮಾಡಿದರೆ ಪಿಟ್ಟೆನ್ನದ ಮೌನ. ಅವತ್ತು ನನ್ನ ಬುದ್ಧಿವಂತಿಕೆ ಬಗ್ಗೆ ನನಗೇ ಬಹಳ ಖುಷಿಯಾಗಿತ್ತು.

ಆ ಖುಷಿ ಹತ್ತು ಗಂಟೆ ಓಡಿತು. ಸದ್ದು ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಬಿಚ್ಚಿ ನೋಡಿದರೆ ತೂತು ಇನ್ನೂ ಹಿಗ್ಗಿ ಅಂಡಾಕಾರವಾಗಿತ್ತು. ತಪ್ಪು ಬೋಲ್ಟಿನ ಥ್ರೆಡ್ಡಿನಲ್ಲಿತ್ತು, ಅಂದರೆ ಅದರ ತಿರುಪಿನ ಗೆರೆಗಳಲ್ಲಿ. ನಾನು ಹಾಕಿದ್ದು ಉದ್ದಕ್ಕೂ ಥ್ರೆಡ್ ಇರುವ ಬೋಲ್ಟ್. ಥ್ರೆಡ್ಡಿನ ಚೂಪು ಅಂಚುಗಳಷ್ಟೇ ತೂತಿನ ಗೋಡೆಗೆ ತಾಗುತ್ತವೆ. ಪ್ರತಿ ಸಿಡಿತಕ್ಕೂ ಅರದಿಂದ ಉಜ್ಜಿದ ಹಾಗೆ. ಸ್ಪ್ರಿಂಗ್ ಪಿನ್ ಹಾಗಲ್ಲ. ಅದು ತೆಳು ಉಕ್ಕಿನ ಪಟ್ಟಿಯನ್ನು ಚಾಪೆಯ ಹಾಗೆ ಸುರುಳಿ ಸುತ್ತಿದ್ದು. ತೂತಿಗಿಂತ ಸ್ವಲ್ಪ ದಪ್ಪ ಇರುತ್ತದೆ, ತಟ್ಟಿ ಕೂರಿಸಿದಾಗ ಕುಗ್ಗಿ ಎಲ್ಲ ಕಡೆಗೂ ಒತ್ತಿಕೊಳ್ಳುತ್ತದೆ, ಪೆಟ್ಟು ಬಿದ್ದಾಗ ತುಸು ಮಣಿಯುತ್ತದೆ. ಆದರೆ ತೂತು ದುಂಡಗೆ, ಸರಿಯಾದ ಅಳತೆಯಲ್ಲಿ ಇದ್ದರೆ ಮಾತ್ರ. ಅಂಡಾಕಾರದ ತೂತಿಗೆ ಯಾವ ಪಿನ್ ಹಾಕಿದರೂ ಅಷ್ಟೇ.

ಸರಿ, ಎಂಜಿನ್ ಸರಿಸಲೇಬೇಕಾಯಿತು. ಪೆಟ್ರೋಲ್ ಪೈಪಿಗೆ ಕ್ಲಿಪ್ ಹಾಕಿ ಬಿಚ್ಚಿದೆ. ಥ್ರಾಟಲ್, ಚೋಕ್ ಕೇಬಲ್, ವೈರುಗಳು, ಸೈಲೆನ್ಸರ್, ನಾಲ್ಕು ಮೌಂಟ್ ಬೋಲ್ಟು. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದೆ, ಅದಿಲ್ಲದಿದ್ದರೆ ವೈರುಗಳ ಮುಂದೆ ತಲೆ ಕೆರೆದುಕೊಂಡು ಕೂರಬೇಕಾಗುತ್ತಿತ್ತು. ಎಂಜಿನ್ನನ್ನು ಪೂರ್ತಿ ಎತ್ತಬೇಕಿರಲಿಲ್ಲ, ಒಂದು ಗೇಣು ಮುಂದಕ್ಕೆ ಸರಿಸಿದರೆ ಶಾಫ್ಟ್ ಹೊರಬರುತ್ತದೆ. ಆದರೂ ಒಬ್ಬರೇ ಮಾಡುವ ಕೆಲಸವಲ್ಲ.

ಹಿಂದಿನ ಹಬ್ಬನ್ನು ಪಂಪಿನ ಇನ್‌ಪುಟ್ ಶಾಫ್ಟಿಗೆ ಹಿಡಿದಿರುವ ಇನ್ನೊಂದು ಪಿನ್ ಇದೆ. ಅದು ತುಕ್ಕು ಹಿಡಿದು ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಇಲ್ಲಿ ಸಿಟ್ಟಿನಿಂದ ಸುತ್ತಿಗೆ ಬೀಸಿದರೆ ಆ ಪೆಟ್ಟು ನೇರ ಪಂಪಿನ ಬೇರಿಂಗಿಗೆ ಹೋಗುತ್ತದೆ. ಬೆಂಕಿಯಿಂದ ಕಾಯಿಸೋಣ ಅಂದರೆ ಪಕ್ಕದಲ್ಲೇ ಎಣ್ಣೆಯ ಸೀಲ್ ಇದೆ, ಸುಟ್ಟುಹೋಗುತ್ತದೆ. ಹಾಗಾಗಿ ಹಬ್ಬಿನ ಕೆಳಗೆ ಒಂದು ಭಾರವಾದ ಕಬ್ಬಿಣದ ಗಟ್ಟಿಯನ್ನು ಆನಿಸಿ ಹಿಡಿದು, ಮೇಲಿನಿಂದ ಸರಿಯಾದ ಅಳತೆಯ ಪಂಚ್ ಇಟ್ಟು ತಟ್ಟಿದೆ. ಗಟ್ಟಿಯೇ ಪೆಟ್ಟನ್ನು ನುಂಗಿತು. ಹದಿನೈದಿಪ್ಪತ್ತು ಪೆಟ್ಟಿಗೆ ಪಿನ್ ಅಲುಗಾಡಿತು, ಆಮೇಲೆ ಬೆಣ್ಣೆಯಂತೆ ಬಂತು.

ಶಾಫ್ಟ್ ಕೈಗೆ ಬಂದಾಗ ವರ್ನಿಯರ್ ಹಿಡಿದು ಕೂತೆ. ಸವೆಯದ ಜಾಗದಲ್ಲಿ 15.88 ಮಿಲಿಮೀಟರ್. ಮುಂದಿನ ಮೂತಿ, ಬುಷ್ಷಿನೊಳಗೆ ತಿರುಗುವ ಭಾಗ, 15.2. ಪಿನ್ನಿನ ತೂತು ಒಂದು ಕಡೆಗೆ 6.4, ಇನ್ನೊಂದು ಕಡೆಗೆ 8 ದಾಟಿತ್ತು. ಹಬ್ಬಿನ ತೂತೂ ಅದೇ ಹಾದಿ ಹಿಡಿದಿತ್ತು. ರಬ್ಬರ್ ಬಿಲ್ಲೆಯನ್ನು ಬಗ್ಗಿಸಿದರೆ ಬೋಲ್ಟಿನ ತೂತುಗಳ ಸುತ್ತ ಸೀಳು. ಕಂಚಿನ ಬುಷ್ಷಿನ ಒಳಗೆ ಗೆರೆಗಳು.

ವೆಲ್ಡ್ ಮಾಡಿ ತುಂಬಿಸಿ ಮತ್ತೆ ತೂತು ಕೊರೆಯಬಹುದಲ್ಲ ಅಂತ ಯೋಚಿಸಿದೆ. ಬೇಡ ಅಂತ ತೀರ್ಮಾನಿಸಿದ್ದಕ್ಕೆ ಕಾರಣವಿದೆ. ವೆಲ್ಡಿನ ಬಿಸಿಗೆ ತೆಳು ಶಾಫ್ಟ್ ಬಾಗುತ್ತದೆ, ಬೆಸುಗೆಯ ಪಕ್ಕದ ಉಕ್ಕು ಗಡುಸಾಗಿ ಬಿರುಕು ಬಿಡುವ ಸಾಧ್ಯತೆಯೂ ಇದೆ. ನಿಮಿಷಕ್ಕೆ 3,600 ಸುತ್ತು ತಿರುಗುವ ವಸ್ತು ನನ್ನ ಕಾಲುಗಳ ನಡುವೆಯೇ ಇರುತ್ತದೆ. ಹೊಸ ಶಾಫ್ಟೇ ಮಾಡೋಣ ಅಂದುಕೊಂಡೆ. ಸಾಮಾನ್ಯ ಮೈಲ್ಡ್ ಸ್ಟೀಲ್ ಬಿಟ್ಟು ಇಎನ್8 ಜಾತಿಯ ಮಧ್ಯಮ ಕಾರ್ಬನ್ ಉಕ್ಕಿನ ನುಣುಪು ರಾಡ್ ತಂದೆ. ಜೊತೆಗೆ ಹೊಸ ಹಬ್, ಬುಷ್, ರಬ್ಬರ್ ಬಿಲ್ಲೆ, ಸುರುಳಿ ಪಿನ್ನುಗಳು.

ಇಲ್ಲೊಂದು ಪೆದ್ದುತನ. ನಾನು ತಂದದ್ದು 16 ಮಿಲಿಮೀಟರ್ ರಾಡ್. ಟ್ರ್ಯಾಕ್ಟರ್ ಇಂಚಿನ ಅಳತೆಯದ್ದು, 5/8 ಇಂಚು ಅಂದರೆ 15.88. ವ್ಯತ್ಯಾಸ 0.12 ಮಿಲಿಮೀಟರ್. ಕಣ್ಣಿಗೆ ಕಾಣೋದಿಲ್ಲ, ಹಬ್ಬಿನೊಳಗೆ ಹೋಗೋದೂ ಇಲ್ಲ! ತಟ್ಟಿ ತೂರಿಸೋಣ ಅನ್ನೋ ಆಸೆಯನ್ನು ತಡೆದುಕೊಂಡು, ಲೇತ್‌ಗೆ ಕೊಟ್ಟು ಎರಡೂ ತುದಿಗಳನ್ನು ಅಳತೆಗೆ ತರಿಸಿದೆ. ವಾಪಸ್ ತಂದು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿದೆ. ಬಾಗಿದ ರಾಡ್ ಉರುಳುವಾಗ ಕೆಳಗಿನಿಂದ ಬೆಳಕು ಇಣುಕಿ ಇಣುಕಿ ಹೋಗುತ್ತದೆ. ಇದು ನೆಟ್ಟಗಿತ್ತು.

ಇನ್ನು ತೂತು. ದುಂಡನೆಯ ರಾಡಿಗೆ ಅಡ್ಡಲಾಗಿ, ಸರಿಯಾಗಿ ನಡುವಿನಲ್ಲಿ ತೂತು ಕೊರೆಯೋದು ಅಂದುಕೊಂಡಷ್ಟು ಸುಲಭವಲ್ಲ. ಬಿಟ್ ಜಾರಿ ಪಕ್ಕಕ್ಕೆ ಹೋಗುತ್ತದೆ. ಈಚೆ ಕಡೆ ನಡುವಿನಲ್ಲಿದ್ದದ್ದು ಆಚೆ ಕಡೆ ಅಂಚಿನಲ್ಲಿ ಹೊರಬರುತ್ತದೆ. ಹಳೆಯ ಮೆಕ್ಯಾನಿಕ್ ಒಬ್ಬರು ಯಾವಾಗಲೋ ತೋರಿಸಿದ್ದ ಉಪಾಯ ನೆನಪಿತ್ತು. ರಾಡನ್ನು ವಿ ಆಕಾರದ ಬ್ಲಾಕಿನಲ್ಲಿ ಇಟ್ಟು ಬಿಗಿದು, ಅದರ ಬೆನ್ನ ಮೇಲೆ ತೆಳುವಾದ ಉಕ್ಕಿನ ಸ್ಕೇಲನ್ನು ಅಡ್ಡ ಇಡಬೇಕು. ಡ್ರಿಲ್ ಮೆಷಿನ್ ಓಡಿಸದೆ ಬಿಟ್ಟಿನ ಮೊನೆಯನ್ನು ಮೆಲ್ಲಗೆ ಸ್ಕೇಲಿನ ಮೇಲೆ ಇಳಿಸಬೇಕು. ಸ್ಕೇಲ್ ಎಡಕ್ಕೆ ವಾಲಿದರೆ ಮೊನೆ ಎಡಕ್ಕಿದೆ, ಬಲಕ್ಕೆ ವಾಲಿದರೆ ಬಲಕ್ಕೆ. ಸ್ಕೇಲ್ ತಕ್ಕಡಿಯ ಹಾಗೆ ಸಮನಾಗಿ ನಿಂತರೆ ನಡುವಿಗೆ ಬಂದಿದೆ ಅಂತ. ಯಾವ ಯಂತ್ರವೂ ಬೇಡ. ನಾನು ಇದನ್ನು ಮೂರು ಸಲ ಮಾಡಿದೆ, ಒಂದು ಸಲ ಬೇಕಾಗಿತ್ತು, ಎರಡು ಸಲ ಸುಮ್ನೆ ಖುಷಿಗೆ.

ಮೊದಲು ಹೊಸ ಹಬ್ಬನ್ನು ಶಾಫ್ಟಿಗೆ ಹಾಕಿ, ಹಬ್ಬಿನ ತೂತಿನ ಮೂಲಕವೇ ಒಂದು ಚುಕ್ಕೆಯಷ್ಟು ಕೊರೆದು ಗುರುತು ಮಾಡಿಕೊಂಡೆ. ಹಬ್ ತೆಗೆದು, ಆ ಗುರುತಿನ ಮೇಲೆ 3 ಮಿಲಿಮೀಟರ್ ಬಿಟ್, ಆಮೇಲೆ 5, ಕೊನೆಗೆ ಕಾಲಿಂಚು. ನಡುನಡುವೆ ಎಣ್ಣೆ ಹನಿಸುತ್ತಾ, ಬಿಟ್ಟನ್ನು ಎತ್ತಿ ಸಿಬಿರು ತೆಗೆಯುತ್ತಾ ನಿಧಾನಕ್ಕೆ ಇಳಿಸಿದೆ. ಒಂದೇ ಸಲಕ್ಕೆ ಕಾಲಿಂಚು ಕೊರೆಯಲು ಹೋದರೆ ತೂತು ದೊಡ್ಡದಾಗುತ್ತದೆ, ಪಿನ್ ಸಡಿಲವಾಗುತ್ತದೆ, ಕಥೆ ಮೊದಲಿನಿಂದ ಶುರು. ಪಿನ್ ತಟ್ಟುವಾಗ ಸುತ್ತಿಗೆಯ ಕೆಳಗೆ ಬಿಗಿಯಾಗಿ, ಒಂದೊಂದೇ ಮಿಲಿಮೀಟರ್ ಒಳಗಿಳಿಯುತ್ತಿತ್ತು. ಆ ಬಿಗಿತ ಕೈಗೆ ಗೊತ್ತಾದಾಗ ಒಂದು ನೆಮ್ಮದಿ.

ಹಳೆಯ ಬುಷ್ ತೆಗೆಯೋದು ಮಜವಾದ ಕೆಲಸ. ಅದು ಕ್ರ್ಯಾಂಕಿನ ಕುರುಡು ತೂತಿನಲ್ಲಿ ಕೂತಿದೆ, ಹಿಂದಿನಿಂದ ತಳ್ಳಲು ದಾರಿಯಿಲ್ಲ. ತೂತಿನ ತುಂಬ ಗ್ರೀಸ್ ತುಂಬಿ, ಬುಷ್ಷಿಗೆ ಬಿಗಿಯಾಗಿ ಕೂರುವ ರಾಡ್ ಇಟ್ಟು ಸುತ್ತಿಗೆಯಿಂದ ತಟ್ಟಬೇಕು. ಗ್ರೀಸಿಗೆ ಹೋಗಲು ಜಾಗವಿಲ್ಲದೆ ಬುಷ್ಷನ್ನೇ ಹೊರಕ್ಕೆ ತಳ್ಳುತ್ತದೆ. ನಾನು ಮೊದಲ ಸಲ ಸ್ವಲ್ಪ ಸಡಿಲವಾದ ರಾಡ್ ಹಿಡಿದಿದ್ದೆ. ಗ್ರೀಸಿಗೆ ಜಾಗ ಸಿಕ್ಕಿತು, ನೇರ ನನ್ನ ಮುಖಕ್ಕೆ. ಎರಡನೇ ಸಲ ರಾಡಿಗೆ ಟೇಪ್ ಸುತ್ತಿ ಬಿಗಿ ಮಾಡಿದೆ, ಕನ್ನಡಕವನ್ನೂ ಹಾಕಿಕೊಂಡೆ. ನಾಲ್ಕೈದು ಪೆಟ್ಟಿಗೆ ಬುಷ್ ಹೊರಬಂತು. ಹೊಸದು ಕಂಚಿನ ಪುಡಿಯನ್ನು ಒತ್ತಿ ಬೇಯಿಸಿ ಮಾಡಿದ್ದು, ಸ್ಪಂಜಿನಂತೆ ಎಣ್ಣೆ ಕುಡಿಯುತ್ತದೆ. ರಾತ್ರಿಯಿಡೀ ಎಂಜಿನ್ ಆಯಿಲ್‌ನಲ್ಲಿ ನೆನೆಸಿಟ್ಟು ಬೆಳಿಗ್ಗೆ ಕೂರಿಸಿದೆ.

ಎಲ್ಲ ಜೋಡಿಸಿ, ಎಂಜಿನ್ ಹಿಂದಕ್ಕೆ ಸರಿಸಿ ನಾಲ್ಕು ಬೋಲ್ಟ್ ಹಾಕಿದೆ. ಮುಗಿಯಿತು ಅಂದುಕೊಂಡು ಕೊನೆಯದಾಗಿ ರಬ್ಬರ್ ಕಪ್ಲಿಂಗ್ ಕಡೆ ಕಣ್ಣಾಡಿಸಿದೆ. ಬಿಲ್ಲೆ ಮೇಲ್ಗಡೆ ಒತ್ತಿದ ಹಾಗೆ, ಕೆಳಗಡೆ ಹಿಗ್ಗಿದ ಹಾಗೆ ಕಂಡಿತು. ಹೊಸ ಬಿಲ್ಲೆ, ಇನ್ನೂ ಒಂದು ಸುತ್ತೂ ತಿರುಗಿಲ್ಲ! ಸಂದಿ ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ತಂದು ಬಿಲ್ಲೆಯ ಎರಡು ಬದಿಯ ತಟ್ಟೆಗಳಾದ ಫ್ಲ್ಯಾಂಜ್‌ಗಳ ನಡುವಿನ ಸಂದಿಯನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆದೆ. ಎಡ ಬಲ ಸಮ. ಮೇಲೆ ಕೆಳಗೆ ಒಂದೂವರೆ ಮಿಲಿಮೀಟರಿಗೂ ಜಾಸ್ತಿ ವ್ಯತ್ಯಾಸ. ಎಂಜಿನ್ ಹಿಂದಕ್ಕೆ ವಾಲಿ ಕೂತಿತ್ತು.

ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಎಂಜಿನ್ನಿನ ನಾಲ್ಕು ಮೂಲೆಗಳಿಗೆ ರಬ್ಬರ್ ಮೌಂಟ್‌ಗಳಿವೆ. ಮುಂದಿನ ಎರಡೂ 20 ಮಿಲಿಮೀಟರ್ ಎತ್ತರ, ಹಿಂದಿನ ಎರಡೂ 15. ಮುಟ್ಟಿದರೆ ಹಿಂದಿನವು ಹಳೆಯ ಹಲ್ವದ ಹಾಗೆ ಮೆತ್ತಗೆ, ಜಿಡ್ಡು ಜಿಡ್ಡು. ಎಣ್ಣೆ ಕುಡಿದಿದ್ದವು. ರಬ್ಬರಿಗೆ ಎಂಜಿನ್ ಆಯಿಲ್ ತಾಗಿದರೆ ಅದು ಉಬ್ಬಿ, ಮೆತ್ತಗಾಗಿ, ಭಾರಕ್ಕೆ ಕುಸಿಯುತ್ತದೆ. ಎಣ್ಣೆ ಎಲ್ಲಿಂದ? ಮೇಲಿನ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕವರಿನ ಗ್ಯಾಸ್ಕೆಟ್ಟಿನಿಂದ. ಆ ಸೋರಿಕೆ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ಬಟ್ಟೆ ಹಿಡಿದು ಒರೆಸುತ್ತಿದ್ದವನು ನಾನೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಮೌಂಟ್‌ಗಳ ನಡುವಿನ ಅಂತರ 25 ಸೆಂಟಿಮೀಟರ್, ಕುಸಿತ 5 ಮಿಲಿಮೀಟರ್. ಲೆಕ್ಕ ಹಾಕಿದರೆ ಒಂದು ಡಿಗ್ರಿಗಿಂತ ಸ್ವಲ್ಪವೇ ಜಾಸ್ತಿ ವಾಲಿದೆ. ಒಂದು ಡಿಗ್ರಿ ಏನು ಮಹಾ ಅನಿಸಬಹುದು. ಆದರೆ ಶಾಫ್ಟ್ ಒಂದು ಸುತ್ತು ತಿರುಗಿದಾಗಲೆಲ್ಲ ಬಿಲ್ಲೆ ಒಂದು ಸಲ ಬಗ್ಗಬೇಕು, ಪಿನ್ ಒಂದು ಸಲ ತನ್ನ ತೂತಿನಲ್ಲಿ ಮಿಸುಕಬೇಕು. ನಿಮಿಷಕ್ಕೆ 3,600 ಸುತ್ತಿನಂತೆ ಒಂದು ಗಂಟೆಗೆ 2,16,000 ಸಲ. ನನ್ನ ಬೋಲ್ಟ್ ಹತ್ತು ಗಂಟೆಗೇ ಕೈಕೊಟ್ಟಿದ್ದಕ್ಕೆ ಅದರ ಥ್ರೆಡ್ಡನ್ನಷ್ಟೇ ಬೈಯುವಂತಿಲ್ಲ.

ಮತ್ತೆ ಎಂಜಿನ್ ಬಿಚ್ಚಿದೆ. ಎರಡು ಮೌಂಟ್ ಮಾತ್ರ ಬದಲಿಸಿದರೆ ಹಳತು ಹೊಸತರ ಎತ್ತರ ಸರಿಬರಲಾರದು ಅಂತ ನಾಲ್ಕನ್ನೂ ಬದಲಿಸಿದೆ. ಬ್ರೀದರ್ ಗ್ಯಾಸ್ಕೆಟ್ ಹೊಸದು ಹಾಕಿದೆ, ಅದು ಅರ್ಧ ಗಂಟೆಯ ಕೆಲಸ. ಎರಡು ವರ್ಷ ಮುಂದೂಡಿದ ಅರ್ಧ ಗಂಟೆ. ಮತ್ತೆ ಫೀಲರ್ ಗೇಜ್. ಈಗ ನಾಲ್ಕೂ ಕಡೆ 0.2 ಮಿಲಿಮೀಟರಿನೊಳಗೆ ಬಂತು. ಕಪ್ಲಿಂಗ್ ಬೋಲ್ಟುಗಳಿಗೆ ಸಡಿಲವಾಗದಂತೆ ಹಿಡಿಯುವ ಥ್ರೆಡ್ ಲಾಕರ್ ಅಂಟು ಹಚ್ಚಿ ಬಿಗಿದೆ. ಪ್ಲಗ್ ವೈರ್ ಸಿಕ್ಕಿಸುವ ಮುಂಚೆ ಕೈಯಲ್ಲೇ ನಾಲ್ಕೈದು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಂಡು, ಕವರ್ ಹಾಕಿದೆ.

ಸ್ಟಾರ್ಟ್ ಮಾಡಿ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟೆ. ಕಟಕಟ ಇಲ್ಲ. ಇಳಿಜಾರಿಗೂ ಒಯ್ದು ನೋಡಿದೆ, ಅಲ್ಲೂ ಇಲ್ಲ. ಬೋಲ್ಟ್ ಹಾಕಿದ ದಿನವೂ ಹೀಗೇ ಇತ್ತಲ್ಲ ಅಂತ ಈ ಸಲ ಖುಷಿಪಡಲು ಹೋಗಲಿಲ್ಲ. ಒಂದು ಗಂಟೆ ಓಡಿಸಿ ಆರಿಸಿ ಬೋಲ್ಟುಗಳನ್ನು ಮತ್ತೆ ಬಿಗಿದು ನೋಡಿದೆ. ಹತ್ತು ಗಂಟೆಯಾದಾಗ ಕವರ್ ತೆಗೆದು ಹಬ್ಬಿನ ಸುತ್ತ ಬಿಳಿ ಬಟ್ಟೆಯಿಂದ ಒರೆಸಿದೆ. ಕೆಂಪು ಪುಡಿ ಇಲ್ಲ. ಮೂವತ್ತು ಗಂಟೆಗೆ ಮತ್ತೆ ಸೀಮೆಸುಣ್ಣದ ಗೆರೆ ಎಳೆದು ತಿರುಗಿಸಿದೆ. ಗೆರೆ ಒಂದೇ ತುಂಡಾಗಿ ಉಳಿಯಿತು.

ಅರ್ಧ ಥ್ರಾಟಲ್‌ನಲ್ಲಿ ಮಾತ್ರ ಒಂದು ಸಣ್ಣ ಗುಂಯ್ ಅನ್ನೋ ಸದ್ದು ಉಳಿದಿದೆ. ಮೊದಲೂ ಇತ್ತೋ ಏನೋ, ಕಟಕಟದ ನಡುವೆ ಕೇಳಿಸುತ್ತಿರಲಿಲ್ಲ. ಪಂಪಿನ ಪ್ಲಾಸ್ಟಿಕ್ ಫ್ಯಾನಿನ ಒಂದು ರೆಕ್ಕೆಯ ತುದಿ ಮುರಿದಿದ್ದನ್ನು ಬಿಚ್ಚಿದಾಗಲೇ ನೋಡಿದ್ದೆ, ಇರಲಿ ಬಿಡು ಅಂತ ಹಾಗೇ ಹಾಕಿದ್ದೆ. ಹೊಸ ಫ್ಯಾನ್ ತರಿಸಿದ್ದೇನೆ.